ಎಂಟು ಎಂದು ಬರೆಯದ ರಾಡು

ಬಾಗಲಗುಂಟೆ
12 ಜನವರಿ 2025

ಗೆಳೆಯ ಮುದಕಪ್ಪನಿಗೆ ವೆಂಕಟೇಶಪ್ಪನ ನಮಸ್ಕಾರ.

ನನ್ನ ಅಕ್ಷರ ನೋಡಿ ನಿನಗೆ ಆಶ್ಚರ್ಯವಾಗಿರಬೇಕು. ನನ್ನ ವಸಂತಮ್ಮ ತೀರಿಕೊಂಡಾಗ ನೀನು ಕಾರ್ಡು ಹಾಕಿದ್ದೆ. ಮೂರು ವರ್ಷವಾಯಿತು, ನಾನು ಉತ್ತರ ಬರೆಯಲಿಲ್ಲ. ಬರೆಯಲು ಕೂತಿದ್ದೆ, ಎರಡು ಮೂರು ಸಲ ಕೂತಿದ್ದೆ. 'ನಿನ್ನ ಕಾರ್ಡು ತಲುಪಿತು' ಎಂದ ಮೇಲೆ ಮುಂದಿನ ಸಾಲು ಬರುತ್ತಿರಲಿಲ್ಲ. ಮೊನ್ನೆ ನಿನ್ನ ಮಗ ಬಸಲಿಂಗನಿಗೆ ಫೋನು ಮಾಡಿದೆ. 'ಅಪ್ಪಗ ಫೋನಿನ್ಯಾಗ ಏನೂ ಕೇಳೂದಿಲ್ಲರಿ. ಪ್ರೆಸ್ ಶಾಪಿನ್ಯಾಗ ತಗಡು ಬಡಿಯೂ ಸಪ್ಪಳಕ್ಕ ಕಿವಿ ಹೋದ್ವು. ಏನಿದ್ರೂ ಬರದು ಕಳಸ್ರಿ, ಓದ್ತಾರ' ಎಂದ. ಅದಕ್ಕೇ ಈ ಕಾಗದ.

ವಿಷಯ ಏನೆಂದರೆ, ನಮ್ಮ ಪೀಣ್ಯ ಫ್ಯಾಕ್ಟರಿಯವರು ನನ್ನನ್ನು ಮತ್ತೆ ಕರೆದಿದ್ದಾರೆ. ಕೆಲಸಕ್ಕೆ ಅಂತಲ್ಲ, ನೆನಪಿಗೆ. ನಾವಿಬ್ಬರೂ ಸ್ಟೋರಿನಲ್ಲಿದ್ದಾಗ, ತೊಂಬತ್ತನಾಲ್ಕರಲ್ಲಿ, ಒಂದು ಕಂಪ್ಯೂಟರ್ ಬಂತಲ್ಲ, ನೀನು ಅದಕ್ಕೆ ಊದುಬತ್ತಿ ಹಚ್ಚಿದ್ದೆಯಲ್ಲ, ಅದರೊಳಗಿನ ಲೆಕ್ಕವೇ ಇವತ್ತಿನವರೆಗೂ ನಡೆದುಕೊಂಡು ಬಂದಿದೆ. ಈಗ ಅದನ್ನೆಲ್ಲ ಹೊಸ ಡೇಟಾಬೇಸಿಗೆ ಸಾಗಿಸುತ್ತಿದ್ದಾರೆ. ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಆ ಕೆಲಸ ಸಿಕ್ಕಿದೆ. ಹಳೆಯ ಲೆಕ್ಕದಲ್ಲಿ ನಾವು ಬರೆದ ಗುರುತುಗಳು ಅವರಿಗೆ ಅರ್ಥವಾಗುತ್ತಿಲ್ಲ. ಈಗಿನ ಮೆಟೀರಿಯಲ್ಸ್ ಮ್ಯಾನೇಜರ್ ಅಂಬರೀಶ್ ಅಂತ, ನಲವತ್ತರ ಆಸುಪಾಸು, ನನ್ನನ್ನು ಹುಡುಕಿಕೊಂಡು ಮನೆಗೇ ಬಂದ. 'ಸಾರ್, ಆರು ತಿಂಗಳು ಅವರ ಜೊತೆ ಕೂತ್ಕೊಳಿ ಸಾಕು. ನೀವು ಹೋದ್ರೆ ಆ ನಂಬರುಗಳೂ ಹೋದಂಗೇ' ಎಂದ. ನಾನು ಹೋದರೆ ಅಂದದ್ದು ಯಾವ ಅರ್ಥದಲ್ಲಿ ಎಂದು ಕೇಳಲಿಲ್ಲ.

ನಾಗಸಂದ್ರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಪಟ್ಟಂದೂರು ಅಗ್ರಹಾರದಲ್ಲಿ ಇಳಿದರೆ ಒಂದೂವರೆ ಗಂಟೆ. ಕಟ್ಟಡದ ಗೋಡೆಯೆಲ್ಲ ಗಾಜು. ಒಳಗೆ ನಾಲ್ಕು ನೂರು ಜನ, ಸದ್ದೇ ಇಲ್ಲ. ನಮ್ಮ ಕಾಲೇಜಿನಲ್ಲಿ ಪಿನ್ ಡ್ರಾಪ್ ಸೈಲೆನ್ಸ್ ಎಂದು ಮೇಷ್ಟ್ರು ಬೆಂಚು ಕುಟ್ಟುತ್ತಿದ್ದರು, ಅದು ಹೇಗಿರುತ್ತದೆ ಎಂದು ಅರವತ್ತಾರನೆಯ ವಯಸ್ಸಿನಲ್ಲಿ ಕೇಳಿದೆ. ಕೇಳಿದೆ ಎನ್ನಬಹುದೋ ಇಲ್ಲವೋ.

ಡೇಟಾಬೇಸು ನೋಡಿಕೊಳ್ಳುವವಳು ಸವಿತಾ ಎಂಬ ಹೆಣ್ಣುಮಗಳು. ಸರ್ಜಾಪುರದಿಂದ ಬರುತ್ತಾಳೆ, ಶಾಲೆಗೆ ಹೋಗುವ ಮಗಳಿದ್ದಾಳೆ. ಅವಳು ಒಂದು ಸಾಲು ಟೈಪು ಮಾಡಿ ಗುಂಡಿ ಒತ್ತಿದಳು. ನಾವು ನಾಲ್ಕು ವರ್ಷ ಬೆರಳು ನೋಯಿಸಿಕೊಂಡು ಹೊಡೆದದ್ದೆಲ್ಲ ಒಂದು ಚಿಟಿಕೆಯಲ್ಲಿ ಎದುರಿಗೆ ಬಂತು. ಯಾವ ರಾಡು ಯಾವ ದಿನ ಬಂತು, ಯಾವ ರ್‍ಯಾಕಿನಲ್ಲಿ ಇಟ್ಟೆವು, ಯಾರು ಕೊಟ್ಟರು, ಎಲ್ಲ. ಕೊನೆಯಲ್ಲಿ ನಮ್ಮಿಬ್ಬರ ಇನಿಷಿಯಲ್ಲು. ಐ ವಾಸ್ ಸ್ಪೀಚ್‌ಲೆಸ್, ಮುದಕಪ್ಪ. ಸತ್ತು ಹೋಯಿತು ಎಂದುಕೊಂಡಿದ್ದ ದಿನಗಳು ಅಲ್ಲಿ ಸಾಲಾಗಿ ನಿಂತಿದ್ದವು.

ಐದನೆಯ ಕಾಲಂನಲ್ಲಿ ನಾವು ಒಂದರಿಂದ ಎಂಟರವರೆಗೆ ನಂಬರು ಹಾಕುತ್ತಿದ್ದೆವು. ಏಳರ ತನಕ ಹೇಳಿಬಿಟ್ಟೆ. ಎಂಟಕ್ಕೆ ಬಂದಾಗ ನಿಂತೆ. 'ನೆನಪಿಲ್ಲಮ್ಮ' ಎಂದೆ. ನಿನಗೆ ನೆನಪಿದ್ದರೆ ಎರಡು ಸಾಲು ಬರೆ. ಮನೆಯಲ್ಲಿ ರುಕ್ಮವ್ವನವರಿಗೆ ನನ್ನ ನಮಸ್ಕಾರ.

ಇಂತಿ ನಿನ್ನ
ವೆಂಕಟೇಶಪ್ಪ


ರೋಣ
27 ಜನವರಿ 2025

ವೆಂಕಟೇಶಪ್ಪನವರಿಗೆ,

ತಮ್ಮ ಪತ್ರ ಮುಟ್ಟಿತು. ಎಂಟರ ಅರ್ಥ ಕೇಳಿದ್ದೀರಿ. ಆ ಹೆಣ್ಣುಮಗಳಿಗೆ ತಿಳಿಸಲು ಅನುಕೂಲವಾಗಲೆಂದು ಬಿಡಿಸಿ ಬರೆಯುತ್ತೇನೆ.

ಸಾದಾ ಉಕ್ಕಿನ ರಾಡಿಗೂ ಗಟ್ಟಿ ಉಕ್ಕಿನ ರಾಡಿಗೂ ನೋಡಲು ವ್ಯತ್ಯಾಸವಿಲ್ಲ. ಆದ್ದರಿಂದ ಒಂದು ತುದಿಗೆ ಬಣ್ಣ ಹಚ್ಚುತ್ತಿದ್ದೆವು. ಸಾದಾ ಉಕ್ಕಿಗೆ ಹಳದಿ, ಗಟ್ಟಿ ಉಕ್ಕಿಗೆ ನೀಲಿ. ಕತ್ತರಿಸುವಾಗ ಬಣ್ಣವಿಲ್ಲದ ತುದಿಯಿಂದಲೇ ಕತ್ತರಿಸಬೇಕು. ಯಾರಾದರೂ ತಪ್ಪಿ ಬಣ್ಣದ ತುದಿಯನ್ನೇ ಕತ್ತರಿಸಿದರೆ ಉಳಿದ ರಾಡಿಗೆ ಗುರುತು ಇಲ್ಲ. ಅಂಥದಕ್ಕೆ ಎಂಟು. ಎಂಟು ಬಿದ್ದ ರಾಡು ಹಿಂದಿನ ಗೋಡೆಯ ರ್‍ಯಾಕಿಗೆ ಹೋಗಬೇಕು, ಪರೀಕ್ಷೆಯಾಗುವ ತನಕ ಯಾರಿಗೂ ಕೊಡಬಾರದು, ಊಹೆಯಿಂದ ಬಣ್ಣ ಹಚ್ಚಬಾರದು. ಈ ನಿಯಮ ಮಾಡಿದವರು ತಾವೇ.

1998ರಲ್ಲಿ ಒಂದು ರಾಡಿಗೆ ಎಂಟು ಬೀಳಬೇಕಿತ್ತು, ಬೀಳಲಿಲ್ಲ. ತುದಿಯಲ್ಲಿ ನೀಲಿ ನೋಡಿ ನಾನು ಕೊಟ್ಟೆ. ಚೀಟಿಯ ಮೇಲೆ ನನ್ನ ಸಹಿ ಇತ್ತು. ಅದರಿಂದ ಮಾಡಿದ ಪಂಪಿನ ಶಾಫ್ಟುಗಳು ಮುರಿದು ವಾಪಸು ಬಂದವು. ನನ್ನ ಕಣ್ಣು ಸರಿಯಿಲ್ಲ ಎಂದು ಪ್ರೆಸ್ ಶಾಪಿಗೆ ಹಾಕಿದರು. ಇದೆಲ್ಲ ತಮಗೆ ಗೊತ್ತಿದ್ದದ್ದೇ. ಎಂಟನ್ನು ಮರೆತಿದ್ದೀರಿ ಎಂದು ಓದಿ ಆಶ್ಚರ್ಯವಾಯಿತು.

ಇಂತಿ
ಮುದಕಪ್ಪ


ಬಾಗಲಗುಂಟೆ
16 ಫೆಬ್ರವರಿ 2025

ಪ್ರಿಯ ಮುದಕಪ್ಪ,

ನಿನ್ನ ಉತ್ತರವನ್ನು ಸವಿತಾಗೆ ಓದಿ ಹೇಳಿದೆ. ಎಂಟರ ವಿವರಣೆಯವರೆಗೆ ಮಾತ್ರ. 'ಎಷ್ಟ್ ಕ್ಲಿಯರಾಗಿ ಬರ್ದಿದ್ದಾರೆ ಸಾರ್, ನಮ್ಮೋರು ಹಿಂಗ್ ಬರೆದ್ರೆ ನಮ್ ಜೀವ ಉಳ್ಯುತ್ತೆ' ಎಂದಳು. ಅದನ್ನು ಹಾಗೇ ಇಂಗ್ಲಿಷಿಗೆ ಮಾಡಿಕೊಂಡು ಕೆಳಗೆ ನಿನ್ನ ಹೆಸರು ಹಾಕಿದಳು. ನಿನ್ನ ಹೆಸರು ಈಗ ವೈಟ್‌ಫೀಲ್ಡಿನಲ್ಲಿ ಇದೆ.

ಇಲ್ಲಿ ಕೆಲಸ ಮಾಡುವ ರೀತಿಯನ್ನು ನಿನಗೆ ಹೇಳಬೇಕು. ಯಾರಿಗೂ ಹೇಳಲು ಆಗದೆ ಹೊಟ್ಟೆ ಉಬ್ಬಿದೆ. ಮನೆಯಲ್ಲಿ ಹೇಳಿದರೆ ಗೋಡೆ ಕೇಳಬೇಕು. ವಸಂತಮ್ಮ ಇದ್ದಿದ್ದರೆ 'ಆಮೇಲೆ?' ಎನ್ನುತ್ತಿದ್ದಳು, ಕೇಳದಿದ್ದರೂ ಎನ್ನುತ್ತಿದ್ದಳು.

ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಎದ್ದು ವೃತ್ತವಾಗಿ ನಿಲ್ಲುತ್ತಾರೆ. ಕೂರುವಂತಿಲ್ಲ, ಕೂತರೆ ಮಾತು ಉದ್ದವಾಗುತ್ತದೆ ಎಂದು. ಒಬ್ಬೊಬ್ಬರೂ ಮೂರು ಮಾತು ಹೇಳಬೇಕು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ. ಸಿಕ್ಕಿಕೊಂಡದ್ದಕ್ಕೆ ಬ್ಲಾಕರ್ ಅನ್ನುತ್ತಾರೆ. ನಾವು ಹನ್ನೆರಡು ವರ್ಷ ಒಂದೇ ಸ್ಟೋರಿನಲ್ಲಿದ್ದೆವು. ಎಲ್ಲಿ ಸಿಕ್ಕಿಕೊಂಡಿದ್ದೀಯಪ್ಪ ಎಂದು ಒಂದು ದಿನವಾದರೂ ಯಾರಾದರೂ ನಮ್ಮನ್ನು ಕೇಳಿದ್ದರೇ? ನನ್ನನ್ನೂ ನಿಲ್ಲಿಸುತ್ತಾರೆ. ನಾನು 'ವೆಂಕಟೇಶಪ್ಪ, ಬ್ಲಾಕರ್ ಏನಿಲ್ಲ' ಎಂದು ರಿಟೈರಾದವನ ಗತ್ತಿನಲ್ಲಿ ಹೇಳುತ್ತೇನೆ. ಅವರ ಹಿರಿಯ ವಿಶ್ವನಾಥ್, 'ಸಾರ್‌ಗೆ ಒಂದೇ ಬ್ಲಾಕರ್, ನಮ್ ಕಾಫಿ ಮೆಷಿನ್ನು' ಎಂದು ರೇಗಿಸುತ್ತಾನೆ. ಆ ಕಾಫಿಯ ವಿಷಯ ಬೇಡ.

ಎಲ್ಲಿದ್ದೆ ನಾನು? ಹಾಂ, ರೀತಿ. ನಿಜವಾದ ಲೆಕ್ಕವನ್ನು ಯಾರೂ ನೇರವಾಗಿ ಮುಟ್ಟುವುದಿಲ್ಲ. ಅದರದೇ ಒಂದು ಪ್ರತಿ ಮಾಡಿಕೊಂಡು, ಅದಕ್ಕೆ ಟೆಸ್ಟ್ ಎಂದು ಹೆಸರಿಟ್ಟು, ಮಾಡುವುದನ್ನೆಲ್ಲ ಮೊದಲು ಅಲ್ಲಿ ಮಾಡಿ ನೋಡುತ್ತಾರೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಬೇಕು, ಎಷ್ಟೇ ದೊಡ್ಡವನಾದರೂ. ಸವಿತಾ ಬರೆದದ್ದರಲ್ಲಿ ಮೊನ್ನೆ ಸೇರಿದ ಪ್ರಿಯಾಂಕಾ ಎಂಬುವಳು ಒಂದು ತಪ್ಪು ಹಿಡಿದಳು. ನಾನು ಈಗ ಬೈಗುಳ ಬೀಳುತ್ತದೆ ಎಂದು ಕಾಯುತ್ತಿದ್ದೆ. ಸವಿತಾ 'ಥ್ಯಾಂಕ್ಸ್ ಕಣೇ' ಎಂದಳು. ತಪ್ಪು ತೋರಿಸಿದವರಿಗೆ ಥ್ಯಾಂಕ್ಸು.

ಇನ್ನೊಂದು. ಇಲ್ಲಿ ಏನನ್ನೂ ಅಳಿಸುವುದಿಲ್ಲ. ಒಂದು ಸಾಲು ತಪ್ಪಾಗಿದ್ದರೆ ಆ ಸಾಲು ಹಾಗೇ ಇರುತ್ತದೆ, ಕೆಳಗೆ ಹೊಸ ಸಾಲು ಬರುತ್ತದೆ. ತಿದ್ದಿದವರು ಯಾರು, ಯಾವಾಗ, ಏಕೆ, ಎಲ್ಲವೂ ಅದರಲ್ಲಿ. ರಬ್ಬರು ಎಂಬುದೇ ಇಲ್ಲದ ಊರು.

ನಿನ್ನ ಪತ್ರದ ಕೊನೆಯ ಭಾಗ ಓದಿದೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಇಂತಿ ನಿನ್ನ
ವೆಂಕಟೇಶಪ್ಪ


ಬಾಗಲಗುಂಟೆ
16 ಮಾರ್ಚ್ 2025

ಪ್ರಿಯ ಮುದಕಪ್ಪ,

ನಿನ್ನಿಂದ ಉತ್ತರವಿಲ್ಲ. ಇರಲಿ. ನಾನು ಕಣ್ಣಾರೆ ಕಂಡದ್ದನ್ನು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ಹೋದ ಭಾನುವಾರ ಫ್ಯಾಕ್ಟರಿಗೆ ರಜೆ ಇತ್ತು. ಹಳೆಯದರ ಮೊದಲ ಕಂತನ್ನು ಹೊಸದಕ್ಕೆ ಸುರಿಯಲು ಅದೇ ಸರಿಯಾದ ದಿನ ಎಂದು ಎಲ್ಲರೂ ಬೆಳಿಗ್ಗೆಯೇ ಸೇರಿದ್ದರು. ಸವಿತಾ ತನ್ನ ಪರದೆಯ ಮೇಲೆ ಎರಡು ಕಿಟಕಿ ತೆರೆದಿಟ್ಟುಕೊಂಡಿರುತ್ತಾಳೆ. ಒಂದು ಟೆಸ್ಟಿನದು, ಒಂದು ನಿಜವಾದದ್ದು, ಅದಕ್ಕೆ ಪ್ರೊಡಕ್ಷನ್ ಎನ್ನುತ್ತಾರೆ. ಎರಡೂ ಅವಳಿ ಮಕ್ಕಳ ಹಾಗೆ. ಗೊತ್ತಾಗಲೆಂದು ನಿಜವಾದದ್ದರ ಅಂಚಿಗೆ ಕೆಂಪು, ಟೆಸ್ಟಿನದಕ್ಕೆ ಹಸಿರು. ಶುಕ್ರವಾರ ಅವಳಿಗೆ ಹೊಸ ಲ್ಯಾಪ್‌ಟಾಪು ಕೊಟ್ಟಿದ್ದರು. ಅದರಲ್ಲಿ ಇನ್ನೂ ಬಣ್ಣ ಹಾಕಿಕೊಂಡಿರಲಿಲ್ಲ. ಬರಿಯ ಕಪ್ಪು ಕಿಟಕಿಗಳು.

ಟೆಸ್ಟು ಎಂದುಕೊಂಡು ನಿಜವಾದದ್ದನ್ನು ಖಾಲಿ ಮಾಡಿದಳು. ಮೂರು ಲಕ್ಷ ಸಾಲು. ಫ್ಯಾಕ್ಟರಿಯವರು ಎರಡು ತಿಂಗಳಿಂದ ಹೊಸದಾಗಿ ಹಾಕುತ್ತಿದ್ದ ಲೆಕ್ಕವೂ ಅದರಲ್ಲೇ ಇತ್ತು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಅವಳು ಕೀಬೋರ್ಡಿನಿಂದ ಎರಡೂ ಕೈ ಮೇಲೆತ್ತಿ ಎದ್ದು ನಿಂತಳು, ಇಡೀ ಕೋಣೆಗೆ ಕೇಳುವಂತೆ ಹೇಳಿದಳು: 'ಎಲ್ಲರೂ ನಿಲ್ಸಿ. ನಾನು ಪ್ರೊಡಕ್ಷನ್ ಖಾಲಿ ಮಾಡ್ಬಿಟ್ಟೆ. ಹನ್ನೊಂದು ನಲವತ್ತೆರಡಕ್ಕೆ.'

ಮುದಕಪ್ಪ, ಒಂದು ನಿಮಿಷವೂ ಆಗಿರಲಿಲ್ಲ. ಅವಳು ಹೇಳದಿದ್ದರೆ ಇನ್ನರ್ಧ ಗಂಟೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾರು ಮಾಡಿದ್ದೆಂದು ಒಬ್ಬೊಬ್ಬರನ್ನೇ ಕೇಳಿ ಹುಡುಕಬೇಕಿತ್ತು.

ವಿಶ್ವನಾಥ್ ತಲೆಯೆತ್ತಿ, 'ಸರಿ. ಯಾರೂ ಏನೂ ಮುಟ್ಬೇಡಿ. ಸವಿತಾ, ಮೊದ್ಲು ನೀರ್ ಕುಡಿ' ಎಂದ. ದನಿ ಏರಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ಹೇಗೆ ಬರೆಯಲಿ? ಹಿಂದಿನ ದಿನದ ಒಂದು ಪೂರ್ತಿ ಪ್ರತಿ ಬೇರೆ ಕಡೆ ಇಟ್ಟಿರುತ್ತಾರಂತೆ. ಅದರ ಮೇಲೆ ಪ್ರತಿಯೊಂದು ಬದಲಾವಣೆಯೂ ಆದ ಕ್ರಮದಲ್ಲೇ ಒಂದು ಲಾಗಿನಲ್ಲಿ ಬರೆದಿರುತ್ತದೆ. ಆ ಪ್ರತಿ ಹೊರತೆಗೆದು, ಲಾಗನ್ನು ಮೊದಲಿನಿಂದ ಓಡಿಸುತ್ತ ಬಂದು, ಹನ್ನೊಂದು ನಲವತ್ತೊಂದಕ್ಕೆ ನಿಲ್ಲಿಸಿದರು. ತಪ್ಪಿನ ಹಿಂದಿನ ನಿಮಿಷಕ್ಕೆ. ಮಧ್ಯಾಹ್ನ ಮೂರಕ್ಕೆ ಎಣಿಸಿ ನೋಡಿದರೆ ಒಂದು ಸಾಲೂ ಕಡಿಮೆಯಿಲ್ಲ. ನಾನು ಬಿಸ್ಕತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ, ತಿನ್ನುವುದು ಮರೆತಿತ್ತು. ಕಳೆದ ಗಳಿಗೆಗೆ ವಾಪಸು ಹೋಗಿ ಬಾಗಿಲು ಹಾಕಿಕೊಂಡು ಬಂದರು. ಮಾರ್ವೆಲಸ್ ಎಂಬ ಪದವನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ, ಉಪಯೋಗಿಸುವ ಸಂದರ್ಭ ಈಗ ಬಂತು.

ಆದರೆ ನನ್ನನ್ನು ಅಲ್ಲಾಡಿಸಿದ್ದು ಮಂಗಳವಾರ ನಡೆದ ಮೀಟಿಂಗು. ಇಂಥದ್ದು ಆದಾಗಲೆಲ್ಲ ಒಂದು ವಿಮರ್ಶೆ ಮಾಡುತ್ತಾರೆ. ವಿಶ್ವನಾಥ್ ಬೋರ್ಡಿನ ಮುಂದೆ ನಿಂತು ಹೇಳಿದ: 'ಯಾರು ಅನ್ನೋದನ್ನ ಸವಿತಾ ಆಗ್ಲೇ ಹೇಳಿದಾಳೆ, ಅದು ಮುಗೀತು. ಹೇಗೆ ಅನ್ನೋದಷ್ಟೇ ಇವತ್ತಿನ ಕೆಲಸ.' ಹೊಸ ಲ್ಯಾಪ್‌ಟಾಪು ಕೊಟ್ಟಾಗ ಬಣ್ಣ ಹಾಕಿದೆಯೇ ಎಂದು ನೋಡುವವರು ಯಾರೂ ಇರಲಿಲ್ಲ. ಖಾಲಿ ಮಾಡುವಂಥ ಆಜ್ಞೆಗೆ ಎರಡನೆಯವರ ಒಪ್ಪಿಗೆ ಬೇಕೆಂದು ಯಂತ್ರವೇ ಕೇಳುತ್ತಿರಲಿಲ್ಲ. ಒಂದೊಂದನ್ನೂ ಬರೆದರು, ಒಂದೊಂದಕ್ಕೂ ಪರಿಹಾರ ಬರೆದರು. ಒಬ್ಬರೂ ಅವಳತ್ತ ಬೆರಳು ಮಾಡಲಿಲ್ಲ. ಅವಳೇ ಕೊನೆಗೆ, 'ಇನ್ಮೇಲೆ ನನ್ ಲ್ಯಾಪ್‌ಟಾಪಿಗೆ ಕುಂಕುಮಾನೇ ಹಚ್ತೀನಿ ಬಿಡ್ರಪ್ಪ' ಎಂದಾಗ ಎಲ್ಲರೂ ನಕ್ಕರು.

ಆಗ ಪ್ರಿಯಾಂಕಾ ನನ್ನ ಕಡೆ ತಿರುಗಿ, 'ಸಾರ್, ನಿಮ್ ಕಾಲ್ದಲ್ಲಿ ಇಂಥದ್ದು ಆಗಿತ್ತಾ?' ಎಂದಳು.

ನಾನು ಇಲ್ಲ ಎಂದೆ.

ಇಂತಿ ನಿನ್ನ
ವೆಂಕಟೇಶಪ್ಪ


ರೋಣ
2 ಏಪ್ರಿಲ್ 2025

ವೆಂಕಟೇಶಪ್ಪನವರಿಗೆ,

ತಮ್ಮ ಎರಡೂ ಪತ್ರ ಮುಟ್ಟಿವೆ. ಇಲ್ಲಿ ಬಿಸಿಲು ಜಾಸ್ತಿ. ರುಕ್ಮವ್ವನಿಗೆ ಮೊಣಕಾಲು ನೋವು, ಉಳಿದಂತೆ ಕ್ಷೇಮ.

ಆ ವಿಮರ್ಶೆಯ ರೀತಿ ನನಗೆ ಹಿಡಿಸಿತು. ನಮ್ಮಲ್ಲಿ ಹಾಗೆ ಯಾರೂ ಕೂತು ಮಾತಾಡಲಿಲ್ಲ. ಮ್ಯಾನೇಜರು ಕರೆದು ಯಾರ ಸಹಿ ಎಂದು ಕೇಳಿದರು, ನಾನು ನನ್ನದು ಎಂದೆ, ಮುಗಿಯಿತು. ತಮಗೆ ಬಿಡುವಿದ್ದರೆ ನಮ್ಮ ಆ ರಾಡಿಗೂ ಅಂಥದೊಂದು ವಿಮರ್ಶೆ ಮಾಡಿ ಬರೆಯಿರಿ. ಓದಬೇಕೆನಿಸಿದೆ.

ಇಂತಿ
ಮುದಕಪ್ಪ


ಬಾಗಲಗುಂಟೆ
13 ಏಪ್ರಿಲ್ 2025

ಪ್ರಿಯ ಮುದಕಪ್ಪ,

ನೀನು ಕೇಳಿದ್ದನ್ನು ಮಾಡಿದ್ದೇನೆ. ಒಂದು ವಾರ ಹಿಡಿಯಿತು. ಸವಿತಾಳ ಹತ್ತಿರ ಅವರ ವಿಮರ್ಶೆಯ ನಮೂನೆ ಇಸಿದುಕೊಂಡು ಅದೇ ರೀತಿ ಬರೆದಿದ್ದೇನೆ. ಅದರಲ್ಲಿ ಯಾರ ಹೆಸರೂ ಬರಬಾರದು.

1998 ಸೆಪ್ಟೆಂಬರ್ 29, ಆಯುಧಪೂಜೆಯ ಹಿಂದಿನ ದಿನ. ಸ್ಟೋರನ್ನು ತೊಳೆದು ಒಪ್ಪ ಮಾಡುವ ಅವಸರ. ಮರುದಿನ ಮಾಲೀಕರು ಪೂಜೆಗೆ ಬರುವವರಿದ್ದರು. ಅಂಥ ದಿನ ಕಟಿಂಗ್ ಮೆಷಿನ್ನಿಗೆ ಒಂದು ಅರ್ಜೆಂಟು ತುಂಡು ಬೇಕಾಯಿತು. ಒಂದು ಸಾದಾ ರಾಡಿನ ಬಣ್ಣದ ತುದಿ ಕತ್ತರಿಸಿ ಹೋಯಿತು. ಹಿಂದಿನ ಗೋಡೆಯ ರ್‍ಯಾಕನ್ನು ಪೂಜೆಗಾಗಿ ಬಿಚ್ಚಿಟ್ಟಿದ್ದರಿಂದ ಎಂಟು ಹಾಕಿ ಇಡಲು ಜಾಗವಿರಲಿಲ್ಲ. ಆ ರಾಡು ನೀಲಿ ರಾಡುಗಳ ಪಕ್ಕಕ್ಕೆ ಬಂದು ಸೇರಿತು. ಎರಡು ವಾರದ ನಂತರ ಅದನ್ನು ಗಟ್ಟಿ ಉಕ್ಕು ಎಂದು ಕೊಡಲಾಯಿತು.

ಕಾರಣಗಳು ಹಲವು. ರಜೆಯ ಹಿಂದಿನ ದಿನ ಕತ್ತರಿಸುವ ಕೆಲಸ ಇಡಬಾರದಿತ್ತು. ಹಿಂದಿನ ರ್‍ಯಾಕನ್ನು ಬಿಚ್ಚಬಾರದಿತ್ತು. ಕೊಡುವ ಮುನ್ನ ಎರಡನೆಯವರು ನೋಡುವ ಪದ್ಧತಿ ಇರಲಿಲ್ಲ. ಮುಖ್ಯವಾಗಿ ಸ್ಟೋರಿನಲ್ಲಿ ಆಗ ಸೋಡಿಯಂ ದೀಪ ಇತ್ತು, ನೆನಪಿದೆಯಲ್ಲ, ಅದರ ಕೆಳಗೆ ಮನುಷ್ಯರೂ ಕಾಮಾಲೆಯವರಂತೆ ಕಾಣುತ್ತಿದ್ದರು. ಆ ಬೆಳಕಿನಲ್ಲಿ ನೀಲಿ ಯಾವುದು, ಬಣ್ಣವಿಲ್ಲದ್ದು ಯಾವುದು ಎಂದು ಎಂಥ ಕಣ್ಣಿಗೂ ಹೇಳಲು ಕಷ್ಟ. ದೇರ್‌ಫೋರ್, ದೋಷ ಮನುಷ್ಯರದಲ್ಲ, ದೀಪದ್ದು ಮತ್ತು ಪದ್ಧತಿಯದು.

ಇದನ್ನು ಬರೆದ ಮೇಲೆ ನನಗೆ ಎಷ್ಟೋ ಹಗುರವಾಯಿತು. ನಿನಗೂ ಆಗಬಹುದು ಎಂದು ನಂಬಿದ್ದೇನೆ.

ಇಂತಿ ನಿನ್ನ
ವೆಂಕಟೇಶಪ್ಪ


ರೋಣ
25 ಏಪ್ರಿಲ್ 2025

ವೆಂಕಟೇಶಪ್ಪ,

ನಿನ್ನ ವಿಮರ್ಶೆ ಮೂರು ಸಲ ಓದಿದೆ. ಹಬ್ಬ ಅದ, ಮಾಲೀಕ ಅದಾನ, ರ್‍ಯಾಕು ಅದ, ದೀಪ ಅದ. ನೀ ಎಲ್ಲಿದ್ದಿ? ಆವತ್ತು ಸ್ಟೋರಿನ್ಯಾಗ ನಿನ್ನ ಪಾಳಿ ಇತ್ತು. ನಾ ಊರಿಗೆ ಬಂದಿದ್ದೆ. ರಾಡು ತಾನಽ ನಡಕೊಂಡು ನೀಲಿ ಗುಂಪಿಗೆ ಹೋತೇನು?

ದೀಪದ್ದು ತಪ್ಪು ಅಂತ ಬರದಿ. ಅಂದ್ರ ಬಣ್ಣ ಇಲ್ಲದ್ದನ್ನ ನಾ ನೀಲಿ ಅಂತ ನೋಡಿದೆ ಅಂದಂಗಾತು. ಮ್ಯಾನೇಜರನೂ ಇದನ್ನಽ ಅಂದಿದ್ದ. ಇಪ್ಪತ್ತಾರು ವರ್ಷದ ಮ್ಯಾಲೆ ನೀ ಅದನ್ನಽ ನಯವಾಗಿ ಬರದು ಕಳಿಸಿದಿ. ಹಗುರ ಆತು ಅಂತೀ.

ನಿನಗೊಂದು ಹೇಳ್ತೀನಿ, ಯಾರ ಮುಂದೂ ಹೇಳಿಲ್ಲ. ರಾಡು ಕೊಡುವಾಗ ನಾ ನೀಲಿಯನ್ನಽ ನೋಡಿದೆ ಅಂತ ಮೊದಲು ಖಾತ್ರಿ ಇತ್ತು. ಎಲ್ಲಾರೂ ಅಲ್ಲ ಅಂದ್ರು. ವರ್ಷ ಕಳದಂಗ ನನಗೂ ಅನುಮಾನ ಬಂತು. ಹೌದೇನೋ, ನನ್ನ ಕಣ್ಣಽ ಮೋಸ ಮಾಡಿತೇನೋ ಅಂತ. ಈಗ ಹಿತ್ತಲದಾಗಿನ ಮೆಣಸಿನಕಾಯಿ ಕೆಂಪಾಗೇತೋ ಇಲ್ಲೋ ಅಂತ ರುಕ್ಮವ್ವನ್ನ ಕೇಳಿ ಹರೀತೀನಿ. ಆಕಿ ಚ್ಯಾಷ್ಟಿ ಅಂತ ನಗ್ತಾಳ. ಕಿವಿ ಹೋದದ್ದು ಮಂದಿಗೆ ಗೊತ್ತು. ಕಣ್ಣು ಹೋದದ್ದು ನನಗಷ್ಟಽ ಗೊತ್ತು.

ಆ ಹೆಣ್ಣುಮಗಳು ಮೊದಲು ಎದ್ದು ನಿಂತು ನಾನಽ ಮಾಡಿದೆ ಅಂದ್ಳು. ಆ ಮ್ಯಾಲೆ ಅವರು ಹೆಸರು ಬಿಟ್ರು. ಇದನ್ನ ಬರದವ ನೀನಽ.

ಒಂದಽ ಪ್ರಶ್ನಿ. ಆ ರಾಡಿನ ತುದಿ ಯಾವ ಬಣ್ಣ ಇತ್ತು? ಗೊತ್ತಿದ್ರ ಬರಿ. ಗೊತ್ತಿಲ್ಲ ಅನ್ನೂದಿದ್ರ ಇನ್ನ ಮ್ಯಾಲೆ ಬರೀಬ್ಯಾಡ.

ಮುದಕಪ್ಪ


ಬಾಗಲಗುಂಟೆ
11 ಮೇ 2025

ಮುದಕಪ್ಪ,

ನೀಲಿ.

ನೀಲಿಯೇ ಇತ್ತು. ನಾನೇ ಹಚ್ಚಿದ ನೀಲಿ. ಹಳದಿ ತುದಿಯನ್ನು ಕತ್ತರಿಸಿದವನು ನಾನು. ತುಂಡು ಹೋದ ಮೇಲೆ, ಉಳಿದದ್ದು ಸಾದಾ ಉಕ್ಕೋ ಗಟ್ಟಿ ಉಕ್ಕೋ ನೆನಪಾಗದೆ, ಎಂಟು ಹಾಕದೆ, ನೀಲಿಯ ಡಬ್ಬ ತೆರೆದಿತ್ತು ಎಂಬ ಒಂದೇ ಕಾರಣಕ್ಕೆ ಬ್ರಷ್ಷು ಅದ್ದಿ ಹಚ್ಚಿದವನು ನಾನು. ನೀನು ನೋಡಿದ್ದು ಸರಿ. ಆ ದೀಪದ ಕೆಳಗೂ ನಿನ್ನ ಕಣ್ಣು ಸರಿಯಾಗಿಯೇ ನೋಡಿತ್ತು. ತಪ್ಪಿದ್ದು ಬಣ್ಣ.

ಶಾಫ್ಟುಗಳು ವಾಪಸು ಬಂದ ದಿನವೇ ನನಗೆ ಗೊತ್ತಾಯಿತು. ಮ್ಯಾನೇಜರು ನಿನ್ನನ್ನು ಕರೆದಾಗ ನಾನು ಬಾಗಿಲ ಹೊರಗೆ ಫೈಲು ಹಿಡಿದು ನಿಂತಿದ್ದೆ. ಒಳಗೆ ಬರಲಿಲ್ಲ. ಏಕೆ ಬರಲಿಲ್ಲ ಎಂದು ಬರೆಯುವುದಿಲ್ಲ. ಬರೆದರೆ ಮತ್ತೆ ದೀಪದ ಕತೆಯಾಗುತ್ತದೆ. ವಸಂತಮ್ಮನಿಗೂ ಹೇಳಿರಲಿಲ್ಲ. ಎಂಟನ್ನು ನಾನು ಮರೆತಿರಲಿಲ್ಲ, ನಿನಗೆ ಬರೆಯಲು ಒಂದು ನೆಪ ಬೇಕಿತ್ತು. ಆ ಹೆಣ್ಣುಮಗಳ ಹತ್ತಿರವೂ ಸುಳ್ಳು ಹೇಳಿದೆ.

ನಿನ್ನ ಪತ್ರ ಬಂದ ಮೇಲೆ ಎರಡು ದಿನ ವೈಟ್‌ಫೀಲ್ಡಿಗೆ ಹೋಗಲಿಲ್ಲ. ಮೂರನೆಯ ದಿನ ಹೋದೆ. ಹತ್ತು ಗಂಟೆಗೆ ಎಲ್ಲರೂ ನಿಂತಾಗ ನನ್ನ ಸರದಿ ಬಂತು. 'ವೆಂಕಟೇಶಪ್ಪ. ಒಂದು ಬ್ಲಾಕರ್ ಇದೆ' ಎಂದೆ. ವಿಶ್ವನಾಥ್ ಕಾಫಿಯ ಮಾತೆಂದು ನಗಲು ಹೊರಟವನು ನನ್ನ ಮುಖ ನೋಡಿ, 'ಹೇಳಿ ಸಾರ್' ಎಂದ. ನಿಂತುಕೊಂಡೇ ಎಲ್ಲ ಹೇಳಿದೆ. ಪ್ರಿಯಾಂಕಾ ಕೇಳಿದ ಪ್ರಶ್ನೆಗೆ ಇಲ್ಲ ಎಂದದ್ದು ಸುಳ್ಳು ಎಂದೂ ಹೇಳಿದೆ. ಹದಿನೈದು ನಿಮಿಷದ ಮೀಟಿಂಗು ನಲವತ್ತು ನಿಮಿಷವಾಯಿತು. ಯಾರೂ ಗಡಿಯಾರ ನೋಡಲಿಲ್ಲ. ಯಾರೂ 'ಪರವಾಗಿಲ್ಲ ಬಿಡಿ ಸಾರ್' ಎನ್ನಲೂ ಇಲ್ಲ, ಅದಕ್ಕೆ ಅವರಿಗೆ ಕೈಮುಗಿಯಬೇಕು. ಸವಿತಾ ಮಾತ್ರ, 'ಮುದಕಪ್ಪ ಸಾರ್‌ಗೆ ಗೊತ್ತಾ ಇದು?' ಎಂದು ಕೇಳಿದಳು. ಇವತ್ತು ಬರೆಯುತ್ತೇನೆ ಎಂದೆ. 'ಮೊದ್ಲು ರೆಕಾರ್ಡು' ಎಂದಳು.

ಹಳೆಯ ಲೆಕ್ಕದಲ್ಲಿ ಆ ಶಾಫ್ಟುಗಳು ವಾಪಸು ಬಂದ ಸಾಲು ಇದೆ. ಪಕ್ಕದಲ್ಲಿ 'ಕೊಟ್ಟವರ ತಪ್ಪು, ಮುದಕಪ್ಪ, ದೃಷ್ಟಿದೋಷ' ಎಂದಿದೆ. ಅದೂ ಹೊಸ ಡೇಟಾಬೇಸಿಗೆ ಹೋಗುವುದಿತ್ತು. ತಿದ್ದಲು ಫ್ಯಾಕ್ಟರಿಯವರ ಒಪ್ಪಿಗೆ ಬೇಕು. ಪೀಣ್ಯಕ್ಕೆ ಹೋಗಿ ಅಂಬರೀಶನ ಮುಂದೆ ಕೂತೆ.

'ಯಾಕ್ ಸಾರ್ ಈಗ ಇದೆಲ್ಲಾ? ಆ ಮ್ಯಾನೇಜರೂ ಇಲ್ಲ, ಆ ಗಿರಾಕೀನೂ ಇಲ್ಲ. ಹಳೇ ಕಸ ಅದು.'

'ಕಸ ಅಂದ್ಮೇಲೆ ಹೊಸ ಮನೆಗೆ ಯಾಕಪ್ಪಾ ಹೊತ್ಕೊಂಡ್ ಹೋಗ್ತಾ ಇದ್ದೀರಿ? ಹೋಗೋದಾದ್ರೆ ಸರಿಯಾಗ್ ಹೋಗ್ಲಿ.'

'ನಿಮ್ ಹೆಸ್ರು ಬೀಳುತ್ತೆ ಸಾರ್. ಯಾರ್ ತೆಗುದ್ರೂ ಕಾಣುತ್ತೆ. ಮೂವತ್ತೈದು ವರ್ಷ ಸರ್ವಿಸು ನಿಮ್ದು.'

'ಕಾಣ್ಲಿ ಅಂತಾನೇ ಬಂದಿರೋದು.'

ಪೆನ್ನಿನ ಮುಚ್ಚಳ ತೆಗೆದು ಸಹಿ ಮಾಡಿದ.

ಶುಕ್ರವಾರ ಸವಿತಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಲು ಸೇರಿಸಿದಳು. ಪ್ರಿಯಾಂಕಾ ಓದಿ ಒಪ್ಪಿದಳು. ಹಳೆಯ ಸಾಲು ಹಾಗೇ ಇದೆ, ಅಳಿಸಲು ಬರುವುದಿಲ್ಲ. ಅದರ ಕೆಳಗೆ ಈಗ ಹೀಗಿದೆ: 'ರಾಡಿಗೆ ತಪ್ಪು ಬಣ್ಣ ಹಚ್ಚಿದವರು ವೆಂಕಟೇಶಪ್ಪ. ಮುದಕಪ್ಪ ನೋಡಿದ ಬಣ್ಣ ನೀಲಿ, ಅವರ ದೃಷ್ಟಿ ಸರಿ. ತಿಳಿಸಿದವರು ವೆಂಕಟೇಶಪ್ಪ, 9 ಮೇ 2025.' ಮುದ್ರಿಸಿದ ಪ್ರತಿ ಇದರೊಂದಿಗಿದೆ. ಇನ್ನು ಮುಂದೆ ಯಾರು ಆ ಮೊದಲ ಸಾಲನ್ನು ಕೇಳಿದರೂ ಎರಡನೆಯದು ಜೊತೆಗೇ ಎದ್ದು ಬರುತ್ತದೆ. ಆ ಎರಡು ಸಾಲನ್ನು ಪರದೆಯ ಮೇಲೆ ಬೆರಳಿಟ್ಟು ಒಟ್ಟಿಗೆ ಓದಿದೆ. ನಾನು ಸತ್ತ ಮೇಲೂ ಅದು ಸತ್ಯ ಹೇಳುತ್ತಿರುತ್ತದೆ, ನಾನು ಬದುಕಿದ್ದಾಗ ಹೇಳದೆ ಇದ್ದದ್ದನ್ನು.

ಆದರೆ ಯಾವ ಲಾಗನ್ನು ಎಲ್ಲಿಂದ ಓಡಿಸಿದರೂ ನಿನ್ನ ಕಿವಿ ವಾಪಸು ಬರುವುದಿಲ್ಲ. ಅದು ನನಗೆ ಗೊತ್ತು. ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ನೀನು ಬಣ್ಣ ಯಾವುದೆಂದು ಕೇಳಿದೆ, ಹೇಳಿದ್ದೇನೆ. ಇಷ್ಟು ವರ್ಷದ ಮೇಲೆ ನನ್ನನ್ನು 'ನೀನು' ಎಂದೆ. ಕೋಪದಲ್ಲಿ ಎಂದದ್ದು ತಿಳಿಯಿತು. ಆದರೂ ಆ ಸಾಲನ್ನು ಹಲವು ಸಲ ಓದಿದೆ.

ವೆಂಕಟೇಶಪ್ಪ


ರೋಣ
8 ಜೂನ್ 2025

ವೆಂಕಟೇಶಪ್ಪ,

ನಿನ್ನ ಪತ್ರ ಮುಟ್ಟಿ ಮೂರು ವಾರ ದಾಟಿದವು. ಮೊದಲ ದಿನ ಎರಡಕ್ಷರ ಓದಿ ಮಡಚಿ ಇಟ್ಟೆ. ಉಳಿದದ್ದನ್ನು ನಾಲ್ಕು ದಿನ ಬಿಟ್ಟು ಓದಿದೆ.

ಕಂಪ್ಯೂಟರಿನ ಹಾಳೆಯನ್ನು ಬಸಲಿಂಗ ಅವನ ಅವ್ವನಿಗೆ ಓದಿ ಹೇಳಿದ. ನಾನು ಎದುರಿಗೆ ಕೂತು ರುಕ್ಮವ್ವನ ತುಟಿ ನೋಡುತ್ತಿದ್ದೆ. ನಿನಗೆ ಬೈದಳು. ಏನು ಬೈದಳು ಎಂದು ಬರೆಯುವುದಿಲ್ಲ, ನೀನೇ ಊಹಿಸಿಕೋ. ಆಮೇಲೆ ನನಗೂ ಬೈದಳು. 'ಇಷ್ಟ್ ವರ್ಷ ನನಗರೆ ಒಂದ ಮಾತ ಹೇಳಬಾರದಿತ್ತೇನು?' ಎಂದು.

ಕಿವಿಯ ಮಾತು ಎತ್ತಿದ್ದೀ. ಅದು ನನ್ನಲ್ಲಿ ಇನ್ನೂ ಮುಗಿದಿಲ್ಲ. ಪ್ರೆಸ್ ಶಾಪಿನ ಹದಿನೆಂಟು ವರ್ಷವನ್ನು ಒಂದು ಪತ್ರಕ್ಕೆ ಬಿಡಲಾಗುವುದಿಲ್ಲ. ಮುಗಿಯುತ್ತದೋ ಇಲ್ಲವೋ ಗೊತ್ತಿಲ್ಲ. ಸುಳ್ಳು ಸಮಾಧಾನ ಬರೆಯುವವನು ನಾನಲ್ಲ.

ಇಲ್ಲಿ ಸೊಸೈಟಿಯ ಬೀಜದ ಗೋದಾಮು ಇದೆ. ಸ್ಟೋರು ನೋಡಿದ ಮನುಷ್ಯ ಎಂದು ನಾಲ್ಕು ವರ್ಷದಿಂದ ನನ್ನನ್ನು ಕರೆಯುತ್ತಿದ್ದರು. ಚೀಲದ ಚೀಟಿಯ ಬಣ್ಣ ನೋಡಿ ರೈತರಿಗೆ ಬೀಜ ಕೊಡುವ ಕೆಲಸ. ಬಿಳಿ ಚೀಟಿ ಬೇರೆ, ನೀಲಿ ಚೀಟಿ ಬೇರೆ. ತಪ್ಪು ಕೊಟ್ಟರೆ ಒಬ್ಬನ ವರ್ಷ ಹೋಗುತ್ತದೆ. ಒಲ್ಲೆ, ಕಿವಿ ಕೇಳುವುದಿಲ್ಲ ಎಂದು ನೆವ ಹೇಳುತ್ತಿದ್ದೆ. ಹೋದ ಸೋಮವಾರ ಹೋಗಿ ಕೀಲಿ ಇಸಿದುಕೊಂಡೆ.

ಮಳೆ ಹಿಡಿಯುವ ಮುಂಚೆ ಹೆಸರುಕಾಳಿನ ಬೀಜ ಬೇಕೆಂದು ಮಂದಿ ನಿಂತಿದ್ದಾರೆ. ನಿನ್ನೆ ಅರವತ್ತು ಚೀಲ ಇಳಿದವು. ಒಳಗೆ ಕತ್ತಲೆ, ಒಂದೇ ಬಲ್ಬು. ಚೀಟಿ ಒಂದೊಂದಾಗಿ ನಾನೇ ನೋಡಿದೆ, ಬಿಳಿ ಬಿಳಿಯ ಕಡೆ, ನೀಲಿ ನೀಲಿಯ ಕಡೆ. ಬಾಗಿಲ ಹತ್ತಿರ ಗುಮಾಸ್ತ ನಿಂತಿದ್ದ. ಬಣ್ಣ ಕೇಳಲು ಅವನನ್ನು ಕರೆಯಲಿಲ್ಲ.

ಮುದಕಪ್ಪ